‘ಉದ್ಭವಿಸುವುದಿಲ್ಲ’ ಎನ್ನದಂತೆ ಕೇಳುವುದು ಹೇಗೆ?

ಡಿಸೆಂಬರ್ ಬಂತೆಂದರೆ ಬೆಳಗಾವಿಯ ಸುವರ್ಣ ವಿಧಾನಸೌಧದ ಆಸುಪಾಸಿನ ಬಯಲಿನಲ್ಲಿ ಶಾಮಿಯಾನಗಳು ಏಳುತ್ತವೆ. ಸುವರ್ಣ ಗಾರ್ಡನ್, ಕೊಂಡಸಕೊಪ್ಪ ಎಂದು ಪೊಲೀಸರು ತೋರಿಸಿದ ಜಾಗದಲ್ಲಿ ಕಬ್ಬು ಬೆಳೆಗಾರರು, ಅತಿಥಿ ಉಪನ್ಯಾಸಕರು, ಅಂಗನವಾಡಿಯವರು ಕೂರುತ್ತಾರೆ. ಅವರ ನಡುವೆಯೇ ಎಲ್ಲೋ ಒಂದು ಕಡೆ ‘ನಮ್ಮ ಕೆರೆ ಉಳಿಸಿ’ ಎಂಬ ಬ್ಯಾನರೂ ಇರುತ್ತದೆ. ಸಂಜೆಗೆ ಮಂತ್ರಿಯೊಬ್ಬರು ಬಂದು ಮನವಿ ಪತ್ರ ಪಡೆಯುತ್ತಾರೆ, ಫೋಟೊ ಆಗುತ್ತದೆ, ಪತ್ರ ಆಪ್ತ ಸಹಾಯಕರ ಕೈಗೆ ದಾಟುತ್ತದೆ. ಮುಂದೆ ಅದು ಯಾವ ಕಡತ ಸೇರಿತೆಂಬುದು ಕೊಟ್ಟವರಿಗೂ ತಿಳಿಯುವುದಿಲ್ಲ.

ಅದೇ ಹೊತ್ತಿನಲ್ಲಿ ಒಳಗೆ ಸದನದಲ್ಲಿ ಉತ್ತರ ಪಡೆಯುತ್ತಿರುವ ಪ್ರಶ್ನೆಗಳನ್ನು ಶಾಸಕರು ಬರೆದುಕೊಟ್ಟು ಎಷ್ಟೋ ದಿನಗಳಾಗಿರುತ್ತವೆ. ಅಧಿವೇಶನ ಶುರುವಾದ ಮೇಲೆ ಬಸ್ಸು ಹತ್ತಿದವರ ಪಾಲಿಗೆ ಅಧಿವೇಶನ ಅರ್ಧ ಮುಗಿದಿರುತ್ತದೆ.

ನೆಲ, ನೀರು, ಮರಗಳ ಬಗ್ಗೆ ಕಾಳಜಿ ಇರುವವರು ಒಂದು ಗುಂಪು, ಮತದ ಹಕ್ಕಿನ ಬಗ್ಗೆ ಮಾತಾಡುವವರು ಇನ್ನೊಂದು ಗುಂಪು ಎಂಬುದು ನಮ್ಮಲ್ಲಿ ರೂಢಿ. ಕರ್ನಾಟಕದ ವಿಧಾನಮಂಡಲದ ಮಟ್ಟಿಗೆ ಇವೆರಡೂ ಒಂದೇ ಅರ್ಜಿ. ಅದು ಹೇಗೆ, ಆ ಅರ್ಜಿಯನ್ನು ಯಾವ ಬಾಗಿಲಿಗೆ, ಯಾವಾಗ, ಯಾವ ಮಾತಿನಲ್ಲಿ ಒಯ್ಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲ ಪ್ರಶ್ನೆ: ಇದು ಯಾರ ಕೈಯಲ್ಲಿದೆ?

ಶಾಸಕರಿಗೆ ಒಪ್ಪಿಸುವ ಮನವಿಗಳಲ್ಲಿ ಅವರ ಕೈಯಲ್ಲಿಲ್ಲದ ಬೇಡಿಕೆಗಳೇ ಬಹಳ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನೇ ನೋಡಿ. ಕೇಂದ್ರ ಸರ್ಕಾರದ ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ರಾಜ್ಯ ಸಂಪುಟ ಬೇಡ ಎನ್ನಬಹುದು, ಸದನ ದಿನವಿಡೀ ಚರ್ಚಿಸಬಹುದು. ಅಧಿಸೂಚನೆ ಹೊರಡುವುದು ಮಾತ್ರ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ, ದೆಹಲಿಯಿಂದ. ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯಂಥವಕ್ಕೆ ಅರಣ್ಯ ಮತ್ತು ಪರಿಸರ ಅನುಮತಿಯ ಕೊನೆಯ ಸಹಿ ಕೇಂದ್ರದ್ದು. ಆದರೆ ಯೋಜನೆಯನ್ನು ಮುಂದಿಟ್ಟಿರುವುದು ರಾಜ್ಯದ್ದೇ ವಿದ್ಯುತ್ ನಿಗಮ. ಹಾಗಾಗಿ ‘ಅನುಮತಿ ಕೊಡಬೇಡಿ’ ಎಂದು ಶಾಸಕರನ್ನು ಕೇಳುವುದಕ್ಕಿಂತ ‘ನಿಗಮ ಪ್ರಸ್ತಾವ ಹಿಂಪಡೆಯಲಿ’ ಎಂದು ಕೇಳುವುದರಲ್ಲಿ ಅರ್ಥವಿದೆ.

ಕೆಲವು ಕೆಲಸಗಳಿಗೆ ಕಾಯ್ದೆಯೂ ಬೇಡ, ಸರ್ಕಾರದ ಒಂದು ಅಧಿಸೂಚನೆ ಸಾಕು. ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಮೀಸಲಿನ ಸ್ಥಾನವನ್ನು 2016ರ ನವೆಂಬರಿನಲ್ಲಿ ಸರ್ಕಾರ ವಾಪಸ್ ಪಡೆದದ್ದು ಹಾಗೆಯೇ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಗದಗಿನ ಜನ 2017ರ ಫೆಬ್ರುವರಿಯಲ್ಲಿ ಧರಣಿ ಕೂತರು. ಏಪ್ರಿಲ್ ಹೊತ್ತಿಗೆ ಮೀಸಲಿನ ಸ್ಥಾನ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಬೇಡಿಕೆ ಒಂದೇ ಇತ್ತು, ಅದನ್ನು ಈಡೇರಿಸಬಲ್ಲವರು ಯಾರೆಂಬುದೂ ಸ್ಪಷ್ಟವಿತ್ತು.

ಮತದ ವಿಷಯದಲ್ಲೂ ಹೀಗೇ ಗೆರೆ ಎಳೆದುಕೊಳ್ಳಬೇಕು. ಲೋಕಸಭೆ ಮತ್ತು ವಿಧಾನಸಭೆಯ ಮತದಾರರ ಪಟ್ಟಿ ಭಾರತ ಚುನಾವಣಾ ಆಯೋಗದ್ದು. ಅದರಲ್ಲಿ ನಿಮ್ಮ ಹೆಸರು ಬಿಟ್ಟುಹೋದರೆ ಶಾಸಕರಿಗೆ ಅರ್ಜಿ ಕೊಟ್ಟು ಫಲವಿಲ್ಲ. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ, ಪುರಸಭೆ, ನಗರಪಾಲಿಕೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದು ಯಾವ ಕಾಯ್ದೆಯಡಿ, ಯಾವ ಕ್ಷೇತ್ರ ವಿಂಗಡಣೆ, ಯಾವ ಮೀಸಲಾತಿಯಡಿ ನಡೆಯಬೇಕು ಎಂಬುದನ್ನು ಬರೆಯುವುದು ವಿಧಾನಮಂಡಲ. ಅಂದರೆ, ಮತದ ಹಕ್ಕಿನ ಬಗ್ಗೆ ನಿಮ್ಮ ಶಾಸಕರನ್ನು ನೇರವಾಗಿ ಹೊಣೆ ಮಾಡಬಹುದಾದ ಜಾಗ ಸ್ಥಳೀಯ ಸಂಸ್ಥೆ.

ಕೆರೆಗೂ ಮತಕ್ಕೂ ಇರುವ ನಂಟು

ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಇವುಗಳ ಒಡೆತನದ ಲೆಕ್ಕ ಅಚ್ಚುಕಟ್ಟಿನ ಮೇಲೆ ನಿಂತಿದೆ: 40 ಹೆಕ್ಟೇರ್‌ವರೆಗೆ ನೀರುಣಿಸುವ ಕೆರೆ ಪಂಚಾಯಿತಿ ವ್ಯವಸ್ಥೆಯದು, ಅದಕ್ಕೂ ಮೇಲೆ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಯದು. ಊರ ಬದಿಯ ಕೆರೆಗಳಲ್ಲಿ ಬಹುಪಾಲು ಮೊದಲನೆಯ ಗುಂಪಿನವು. ಅವುಗಳ ಹೂಳು, ಕೋಡಿ, ಒತ್ತುವರಿ ಬಗ್ಗೆ ಕೇಳಬೇಕಾದವರು ಜಿಲ್ಲಾ ಪಂಚಾಯಿತಿ ಸದಸ್ಯರು.

ಆ ಸದಸ್ಯರೇ ಇಲ್ಲದಿದ್ದರೆ? 2016ರ ಫೆಬ್ರುವರಿಯಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರ ಏಪ್ರಿಲ್–ಮೇ ಹೊತ್ತಿಗೆ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ನಗರಗಳಿಗೆ ಇದೇ ಮಾತನ್ನು 243ಯು ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಇಲ್ಲಿ ಆದದ್ದು ಬೇರೆ. 2021ರ ತಿದ್ದುಪಡಿಯಲ್ಲಿ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಮರುವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಳು ಉರುಳಿದವು. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ಐದು ವರ್ಷ ಒಬ್ಬ ಕಾರ್ಪೊರೇಟರೂ ಇಲ್ಲದೆ ಆಡಳಿತಾಧಿಕಾರಿಯೇ ನಗರ ನಡೆಸಿದರು. ಕೊನೆಗೆ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಬಂತು. 2020ರ ಡಿಸೆಂಬರಿನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಐದು ವರ್ಷದ ಲೆಕ್ಕ 2026ರ ಆರಂಭದವರೆಗಿನದು.

ಇದರ ನೆರಳು ಮೇಲ್ಮನೆಯವರೆಗೂ ಬಿದ್ದಿದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳದ್ದು. 2021ರ ಡಿಸೆಂಬರ್ 10ರಂದು ಅವುಗಳಿಗೆ ಚುನಾವಣೆ ನಡೆದಾಗ ಮತ ಹಾಕಲು ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ ಸದಸ್ಯರೇ ಇರಲಿಲ್ಲ.

1987ರಲ್ಲಿ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ, ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲಿ ಇಂದಿಗೂ ಎದೆಯುಬ್ಬಿಸುವ ರಾಜ್ಯ ಇದು. ಕೆರೆಯ ಅಂಗಳಕ್ಕೆ ರಾತ್ರೋರಾತ್ರಿ ಮಣ್ಣು ಸುರಿದಾಗ ಊರವರು ಕರೆಯಬೇಕಾದ ಫೋನ್ ನಂಬರ್ ಚುನಾಯಿತ ಸದಸ್ಯನದ್ದಾಗಿರಬೇಕು. ಅಧಿಕಾರಿಯದ್ದಾದರೆ ಮುಂದಿನ ತಿಂಗಳು ಅವರಿಗೆ ವರ್ಗಾವಣೆ. ಪರಿಸರ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ‘ಸಕಾಲಕ್ಕೆ ಸ್ಥಳೀಯ ಚುನಾವಣೆ’ ಎಂಬ ಸಾಲು ಮೊದಲನೆಯದಾಗಿ ಇರಬೇಕಾದ್ದು ಇದಕ್ಕೇ.

ಅಧಿವೇಶನಕ್ಕೆ ಎರಡು ತಿಂಗಳ ಮುಂಚೆ

ಎರಡು ಅಧಿವೇಶನಗಳ ನಡುವೆ ಆರು ತಿಂಗಳ ಅಂತರ ಮೀರಬಾರದು ಎಂಬುದು ಸಂವಿಧಾನದ 174ನೇ ವಿಧಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ರಾಜ್ಯ ತನಗೆ ತಾನೇ ಕಾಯ್ದೆ ಮಾಡಿಕೊಂಡಿದೆ. ಆ ಗುರಿ ಮುಟ್ಟುವುದು ಅಪರೂಪ. ಆದರೂ ವರ್ಷದ ಲಯ ಗೊತ್ತಿರುವಂಥದ್ದೇ: ವರ್ಷಾರಂಭದಲ್ಲಿ ರಾಜ್ಯಪಾಲರ ಭಾಷಣ, ಮಾರ್ಚ್ ಹೊತ್ತಿಗೆ ಬಜೆಟ್, ಮಳೆಗಾಲದ ಅಧಿವೇಶನ, ಚಳಿಗಾಲಕ್ಕೆ ಬೆಳಗಾವಿ. ದಿನಾಂಕ ಪ್ರಕಟವಾಗುವವರೆಗೆ ಕಾಯಬೇಡಿ. ಕಾಗದ ಕೂಡಿಸುವುದಕ್ಕೆ ಎರಡು ತಿಂಗಳು ಬೇಕು.

ಕೆರೆ ಅಥವಾ ಗೋಮಾಳದ ವಿಷಯವಾದರೆ ಸರ್ವೆ ನಂಬರ್, ಪಹಣಿ, ಆಕಾರಬಂದ್, ಗ್ರಾಮ ನಕ್ಷೆ ತೆಗೆಸಿಕೊಳ್ಳಿ. ‘ದಿಶಾಂಕ್’ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ತೋರುತ್ತದೆ. ಅದು ಸುಳಿವು ಮಾತ್ರ, ಸಾಕ್ಷ್ಯಕ್ಕೆ ಸರ್ವೆ ಇಲಾಖೆಯ ನಕ್ಷೆಯೇ ಬೇಕು. ಅಚ್ಚುಕಟ್ಟು ಎಷ್ಟು ಎಂದು ಮೊದಲು ತಿಳಿದುಕೊಳ್ಳಿ. ಕೆರೆ ಪಂಚಾಯಿತಿಯದ್ದಾಗಿದ್ದು ಪ್ರಶ್ನೆ ಸಣ್ಣ ನೀರಾವರಿ ಸಚಿವರಿಗೆ ಹೋದರೆ ‘ನಮ್ಮ ಇಲಾಖೆ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನಲ್ಲಿ ಇಡೀ ಅಧಿವೇಶನ ಕೈತಪ್ಪುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ಕರ್ನಾಟಕದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ಎರಡು ತಿಂಗಳು ಮುಂಚೆ ಹೊರಡಿ ಎಂದದ್ದು ಈ 30 ದಿನ ಮತ್ತು ಅದರ ಮೇಲಿನ ಮೇಲ್ಮನವಿಗಾಗಿ.

ಇನ್ನೊಂದು ನಿಧಿಯನ್ನು ಯಾರೂ ಅಗೆಯುವುದಿಲ್ಲ. ಹಿಂದಿನ ಅಧಿವೇಶನಗಳ ಪ್ರಶ್ನೋತ್ತರಗಳು ಎರಡೂ ಸದನಗಳ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತವೆ. ನಿಮ್ಮ ತಾಲ್ಲೂಕಿನ ಹೆಸರಿರುವ ಉತ್ತರಗಳನ್ನು ಹುಡುಕಿ. ‘ಕ್ರಮ ಪ್ರಗತಿಯಲ್ಲಿದೆ’ ಎಂದು ಮಂತ್ರಿಗಳು ಸಹಿ ಹಾಕಿ ಕೊಟ್ಟ ಹಾಳೆಗಿಂತ ಒಳ್ಳೆಯ ಸಾಕ್ಷ್ಯ ನಿಮಗೆ ಇನ್ನೆಲ್ಲೂ ದೊರೆಯದು.

ಪ್ರಶ್ನೆ ಬರೆಯುವ ಕಲೆ

ಸದನದ ಪ್ರಶ್ನೆಗಳಿಗೆ ತಮ್ಮದೇ ಒಂದು ಕನ್ನಡವಿದೆ. (ಅ), (ಆ), (ಇ) ಎಂದು ಒಡೆದ ಪ್ರಶ್ನೆ ಎಡಕ್ಕೆ, ಉತ್ತರ ಬಲಕ್ಕೆ. ಸಾಮಾನ್ಯವಾಗಿ ಬರೆಯುವುದು ಹೀಗೆ:

(ಅ) ಇಂಥ ತಾಲ್ಲೂಕಿನಲ್ಲಿ ಕೆರೆಗಳು ಒತ್ತುವರಿಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?

ಇದಕ್ಕೆ (ಅ) ಎದುರು ‘ಇಲ್ಲ’ ಎಂದು ಬರೆದರೆ (ಆ) ಎದುರು ಒಂದೇ ಪದ ಸಾಕು: ‘ಉದ್ಭವಿಸುವುದಿಲ್ಲ’. ಮುಗಿಯಿತು. ಅದೇ ಪ್ರಶ್ನೆಯನ್ನು ಹೀಗೆ ತಿರುಗಿಸಿ:

(ಅ) ಇಂಥ ತಾಲ್ಲೂಕಿನಲ್ಲಿ ಜಿಲ್ಲಾ ಪಂಚಾಯಿತಿ ವ್ಯಾಪ್ತಿಯ ಕೆರೆಗಳೆಷ್ಟು. (ಆ) ಈ ಪೈಕಿ ಸರ್ವೆ ಪೂರ್ಣಗೊಂಡು ಗಡಿಕಲ್ಲು ನೆಟ್ಟಿರುವ ಕೆರೆಗಳೆಷ್ಟು. (ಇ) ಇಂಥ ಸರ್ವೆ ನಂಬರಿನ ಕೆರೆಯ ಮೂಲ ವಿಸ್ತೀರ್ಣ, ಸರ್ವೆಯಲ್ಲಿ ಕಂಡ ವಿಸ್ತೀರ್ಣ ಮತ್ತು ವ್ಯತ್ಯಾಸಕ್ಕೆ ಕಾರಣವೇನು. (ಈ) ಒತ್ತುವರಿ ತೆರವಿಗೆ ಆದೇಶವಾದ ದಿನಾಂಕ ಯಾವುದು? (ದಾಖಲೆಗಳೊಂದಿಗೆ ವಿವರ ನೀಡುವುದು)

ಒಂದೊಂದು ಭಾಗವೂ ತನ್ನ ಕಾಲ ಮೇಲೆ ನಿಂತಿದೆ. ‘ಇಲ್ಲ’ ಎನ್ನಲು ಎಡೆಯಿಲ್ಲ. ಸಂಖ್ಯೆ ಕೊಡಬೇಕು, ಇಲ್ಲವೇ ಸಂಖ್ಯೆಯಿಲ್ಲ ಎಂದು ಒಪ್ಪಬೇಕು. ಚುನಾವಣೆಯ ಬಗ್ಗೆಯೂ ‘ಯಾವಾಗ ನಡೆಸುತ್ತೀರಿ?’ ಎಂದರೆ ‘ಪರಿಶೀಲನೆಯಲ್ಲಿದೆ’ ಎಂದು ಬರುತ್ತದೆ. ‘ಕ್ಷೇತ್ರವಾರು ಮೀಸಲಾತಿ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಸಲ್ಲಿಸಿದ ದಿನಾಂಕ ಯಾವುದು, ಸಲ್ಲಿಸದಿದ್ದಲ್ಲಿ ಯಾವ ಹಂತದಲ್ಲಿ ಬಾಕಿಯಿದೆ?’ ಎಂದು ಕೇಳಿ.

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಮರುಪ್ರಶ್ನೆಗೆ ಅವಕಾಶವಿದೆ. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಅಂಕಿಅಂಶ ಬೇಕಿದ್ದರೆ ಎರಡನೆಯದೇ ಮೇಲು. ಉದ್ದನೆಯ ಪಟ್ಟಿ ಅನುಬಂಧವಾಗಿ ಬರುತ್ತದೆ. ತುರ್ತಾದರೆ ವಿಧಾನಸಭೆಯಲ್ಲಿ ನಿಯಮ 73ರ, ಪರಿಷತ್ತಿನಲ್ಲಿ ನಿಯಮ 72ರ ಗಮನ ಸೆಳೆಯುವ ಸೂಚನೆ ಇದೆ. ಇಡೀ ಜಿಲ್ಲೆಯ ಬರ, ನೆರೆ, ಗಣಿಯ ವಿಷಯವಾದರೆ ನಿಯಮ 69ರ ಚರ್ಚೆ. ಶಾಸಕರ ಬಳಿ ಹೋಗುವಾಗ ‘ಏನಾದರೂ ಮಾಡಿ ಸಾರ್’ ಎನ್ನುವ ಬದಲು ನಿಯಮದ ಸಂಖ್ಯೆ ಹೇಳಿ, ಪ್ರಶ್ನೆಯ ಕರಡು ಟೈಪ್ ಮಾಡಿ ಕೊಡಿ. ಒಂದೇ ಪುಟವಿರಲಿ. ಆಪ್ತ ಸಹಾಯಕರು ಅದನ್ನು ಹಾಗೆಯೇ ಸಚಿವಾಲಯಕ್ಕೆ ಕಳಿಸುವಂತಿದ್ದರೆ ಅರ್ಧ ಗೆದ್ದಂತೆ.

ನಿಮ್ಮ ಪ್ರತಿನಿಧಿ ಒಬ್ಬರೇ ಅಲ್ಲ ಎಂಬುದೂ ಗೊತ್ತಿರಲಿ. ಕ್ಷೇತ್ರದ ಶಾಸಕರು ಆಳುವ ಪಕ್ಷದವರಾಗಿ ಹಿಂಜರಿದರೆ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಸದಸ್ಯರಿದ್ದಾರೆ. ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಂದ ತಲಾ ಏಳು ಮಂದಿ ಇದ್ದಾರೆ. ಅವರ ಮನೆಯ ಮುಂದೆ ಜನ ಕಡಿಮೆ, ಪ್ರಶ್ನೆ ಕೇಳುವ ಹಕ್ಕು ಶಾಸಕರದ್ದಷ್ಟೇ ಇದೆ.

ಸದನ ಸಮಿತಿ ಎಂಬುದು ಇನ್ನೂ ಭಾರದ ಅಸ್ತ್ರ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿ ಒತ್ತುವರಿ ಕುರಿತು ಎ.ಟಿ. ರಾಮಸ್ವಾಮಿ ಸಮಿತಿ 2007ರಲ್ಲಿ ಕೊಟ್ಟ ವರದಿ ಎಬ್ಬಿಸಿದ ಚರ್ಚೆಯ ಬೆನ್ನಿಗೇ 2011ರ ಭೂಕಬಳಿಕೆ ನಿಷೇಧ ಕಾಯ್ದೆ ಬಂತು, 2016ರಲ್ಲಿ ವಿಶೇಷ ನ್ಯಾಯಾಲಯವಾಯಿತು. ಕೆ.ಬಿ. ಕೋಳಿವಾಡ ಸಮಿತಿ 2017ರಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕೆರೆ ಒತ್ತುವರಿ ಲೆಕ್ಕ ಹಾಕಿತು. ಅದರ ಬಹುಪಾಲು ಕಪಾಟಿನಲ್ಲೇ ಉಳಿದಿದೆ. ಕಪಾಟಿನ ವರದಿಯೂ ಸದನದ ಆಸ್ತಿ. ಅದನ್ನು ಉಲ್ಲೇಖಿಸಿ ಕೇಳಿದ ಪ್ರಶ್ನೆಗೆ ಬೇರೆಯದೇ ತೂಕ.

ವಿಧೇಯಕ ಬಂದಾಗ ನಿದ್ದೆ ಬೇಡ

2025ರ ಆಗಸ್ಟ್ ಅಧಿವೇಶನದಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ತಿದ್ದುಪಡಿಗೆ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. 2014ರ ಕಾಯ್ದೆಯಲ್ಲಿ ಕೆರೆಯ ಸುತ್ತ 30 ಮೀಟರ್ ಮೀಸಲು ವಲಯವಿತ್ತು. ತಿದ್ದುಪಡಿಯಲ್ಲಿ ಕೆರೆ ಚಿಕ್ಕದಾದಷ್ಟೂ ವಲಯ ಕಿರಿದು. ಹಳೆಯ ಅಳತೆ ಉಳಿಯುವುದು 100 ಎಕರೆ ಮೀರಿದ ಕೆರೆಗಳಿಗೆ. ನಾಗರಿಕ ಸಂಘಟನೆಗಳು ಎದ್ದು ರಾಜ್ಯಪಾಲರಿಗೆ ಪತ್ರ ಬರೆದದ್ದು ಸದನದ ಕೆಲಸ ಮುಗಿದ ಮೇಲೆ. ಅದೂ ಒಂದು ಬಾಗಿಲೇ: 200ನೇ ವಿಧಿಯಡಿ ರಾಜ್ಯಪಾಲರು ವಿಧೇಯಕವನ್ನು ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಆದರೆ ಅದು ಕೊನೆಯ ಬಾಗಿಲು.

ಮೊದಲ ಬಾಗಿಲು ತೆರೆಯುವುದು ಮಂಡನೆ ಮತ್ತು ಅಂಗೀಕಾರದ ನಡುವೆ. ಆಗ ಕೇಳಬೇಕಾದ್ದು ಒಂದೇ: ವಿಧೇಯಕವನ್ನು ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಿ. ಗ್ರೇಟರ್ ಬೆಂಗಳೂರು ವಿಧೇಯಕದಲ್ಲಿ ಹಾಗೇ ಆಯಿತು. 2024ರ ಜುಲೈನಲ್ಲಿ ಮಂಡನೆಯಾದದ್ದು ರಿಜ್ವಾನ್ ಅರ್ಷದ್ ನೇತೃತ್ವದ ಸಮಿತಿಗೆ ಹೋಯಿತು, ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತು, ಸದನ ಒಪ್ಪಿದ್ದು 2025ರ ಮಾರ್ಚ್‌ನಲ್ಲಿ. ಕೊನೆಗೆ ಬಂದ ಕಾಯ್ದೆಯನ್ನು ನೀವು ಒಪ್ಪಿ, ಬಿಡಿ. ಎಂಟು ತಿಂಗಳು ಮಾತಾಡಲು ಸಮಯ ಸಿಕ್ಕಿತು.

ಎರಡು ಅಧಿವೇಶನಗಳ ನಡುವೆ ಸುಗ್ರೀವಾಜ್ಞೆಯ ಮೇಲೂ ಕಣ್ಣಿರಲಿ. ಕೃಷಿ ಭೂಮಿ ಖರೀದಿಯ ನಿರ್ಬಂಧ ಸಡಿಲಿಸಿದ 2020ರ ಭೂ ಸುಧಾರಣೆ ತಿದ್ದುಪಡಿ ಮೊದಲು ಬಂದದ್ದು ಸುಗ್ರೀವಾಜ್ಞೆಯಾಗಿ. ಸದನ ಮತ್ತೆ ಸೇರಿದ ಆರು ವಾರದೊಳಗೆ ಅದಕ್ಕೆ ವಿಧೇಯಕದ ರೂಪ ಕೊಡದಿದ್ದರೆ ಅದು ಬಿದ್ದುಹೋಗುತ್ತದೆ. ನಿಮ್ಮ ಒತ್ತಡಕ್ಕಿರುವ ಅವಧಿಯೂ ಆ ಆರು ವಾರವೇ.

ಪಟ್ಟಿಯಲ್ಲಿ ನೀವಿದ್ದೀರಾ?

ಇಷ್ಟೆಲ್ಲ ಕೇಳುವವರ ಹೆಸರೇ ಮತದಾರರ ಪಟ್ಟಿಯಲ್ಲಿ ಇಲ್ಲದಿದ್ದರೆ? ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುನ್ನ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾದವು 24. ಬೂತ್ ಮಟ್ಟದ ಅಧಿಕಾರಿಯೊಬ್ಬರಿಗೆ ತಮ್ಮದೇ ಬಂಧುವಿನ ಹೆಸರು ಕಣ್ಣಿಗೆ ಬಿದ್ದದ್ದರಿಂದ ಈ ಗಂಟು ಬಿಚ್ಚಿಕೊಂಡಿತು.

ಹೊಸ ಹೆಸರಿಗೆ ನಮೂನೆ 6, ವಿದೇಶದಲ್ಲಿರುವ ಭಾರತೀಯ ಪೌರರಿಗೆ 6ಎ, ಹೆಸರು ತೆಗೆಯಲು ಅಥವಾ ಆಕ್ಷೇಪಕ್ಕೆ 7, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ 8. ಹದಿನೆಂಟು ತುಂಬುವ ಅರ್ಹತಾ ದಿನ ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳರಲ್ಲೇ ಮುಂಗಡ ಅರ್ಜಿ ಹಾಕಬಹುದು. ಸಹಾಯವಾಣಿ 1950. ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡದೆ ನಿಮ್ಮ ಹೆಸರು ತೆಗೆಯುವಂತಿಲ್ಲ. ನೋಂದಣಾಧಿಕಾರಿಯ ಆದೇಶದ ವಿರುದ್ಧ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಂದ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಇದೆ. ಸ್ಥಳೀಯ ಚುನಾವಣೆಗಳ ವಾರ್ಡುವಾರು ಪಟ್ಟಿಗೂ ರೂಢಿಯಲ್ಲಿ ವಿಧಾನಸಭೆಯ ಪಟ್ಟಿಯೇ ಬುನಾದಿಯಾದ್ದರಿಂದ ಇಲ್ಲಿ ತಪ್ಪಿದ ಹೆಸರು ಅಲ್ಲೂ ತಪ್ಪುತ್ತದೆ. ವಾರ್ಡ್ ಕರಡು ಪಟ್ಟಿ ಪ್ರಕಟವಾದಾಗ ನೋಡುವುದು ನಿಮ್ಮ ಹೆಸರನ್ನಷ್ಟೇ ಆಗದಿರಲಿ. ಕೆರೆಯಂಚಿನ ಬಡಾವಣೆಯ ಹೆಸರುಗಳು ಪಕ್ಕದ ವಾರ್ಡಿಗೆ ಜಿಗಿದಿವೆಯೇ ಎಂದೂ ನೋಡಿ.

ಪದವೀಧರರು ಮೋಸ ಹೋಗುವುದು ಇನ್ನೊಂದು ಕಡೆ. ಮತದಾರರ ಚೀಟಿ ಇದ್ದ ಮಾತ್ರಕ್ಕೆ ಪದವೀಧರ ಕ್ಷೇತ್ರದ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ. ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಬರೆಯುತ್ತಾರೆ. ಅರ್ಹತಾ ದಿನ ನವೆಂಬರ್ 1. ಅದಕ್ಕೆ ಮೂರು ವರ್ಷ ಮುಂಚೆ ಪದವಿ ಪಡೆದಿರಬೇಕು. ನಮೂನೆ 18 ತುಂಬಬೇಕು. ಶಿಕ್ಷಕರಿಗೆ 19.

ಸದನ ಮುಂದೂಡಿದ ಮೇಲೆ

‘ಕ್ರಮ ಕೈಗೊಳ್ಳುತ್ತೇವೆ’ ಎಂದು ಮಂತ್ರಿ ಸದನದಲ್ಲಿ ಹೇಳಿದ ಮಾತು ಗಾಳಿಗೆ ಹೋಗದಂತೆ ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಉತ್ತರದ ದಿನಾಂಕ, ಪ್ರಶ್ನೆ ಸಂಖ್ಯೆ ನಮೂದಿಸಿ ಆ ಸಮಿತಿಗೆ ಬರೆಯಿರಿ. ವಿಷಯ ವ್ಯಾಪಕವಾಗಿದ್ದರೆ ಸದಸ್ಯರೊಬ್ಬರ ಮೂಲಕ ಅರ್ಜಿಗಳ ಸಮಿತಿಗೆ ಹೋಗಬಹುದು. ವಿಧಾನಸಭೆಯಲ್ಲಿ ಅದರ ಅಧ್ಯಕ್ಷತೆ ಉಪಸಭಾಧ್ಯಕ್ಷರದ್ದು. ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬಲ್ಲದು, ಸ್ಥಳಕ್ಕೂ ಬರಬಲ್ಲದು.

ಇನ್ನೊಂದು ಕೆಲಸಕ್ಕೆ ಬೆಳಗಾವಿಯೂ ಬೇಡ, ಬೆಂಗಳೂರೂ ಬೇಡ. ಸದನದಲ್ಲಿ ಬಂದ ಉತ್ತರದ ಹಾಳೆಯನ್ನು ಮುಂದಿನ ಗ್ರಾಮಸಭೆಗೆ ಒಯ್ದು ಗಟ್ಟಿಯಾಗಿ ಓದಿ. ‘ನಮ್ಮೂರ ಕೆರೆ ಇಷ್ಟು ಎಕರೆ ಎಂದು ಸರ್ಕಾರ ಹೇಳಿದೆ’ ಎಂದಾಗ ಆ ಕೆರೆಯ ಅಂಚಿನಲ್ಲಿ ಬಟ್ಟೆ ಒಗೆದವರು, ದನ ಮೇಯಿಸಿದವರು, ಅದರ ಅಂಗಳದಲ್ಲಿ ಮನೆ ಕಟ್ಟಿದವರೂ ಅಲ್ಲೇ ಕೂತಿರುತ್ತಾರೆ. ಅವರು ಏನೆಂದರೋ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಪಡೆಯಿರಿ. ಮುಂದಿನ ಅಧಿವೇಶನದ ಪ್ರಶ್ನೆಯ (ಅ) ಭಾಗ ಆ ಪುಟದಲ್ಲಿದೆ.